ಅಡಿಕೆ ಕಣ ಕಾಯೋ ಮಗನನ್ನು ವಕೀಲರ ಹತ್ತಿರ ಕರ್ಕೊಂಡು ಹೋದೆ

ನಮ್ಮದು ಚನ್ನಗಿರಿ ತಾಲೂಕು. ಕೊಯ್ಲು ಶುರುವಾದರೆ ಬೇಯಿಸಿದ ಅಡಿಕೆ ಒಣಗೋವರೆಗೂ ಕಣ ಕಾಯಲೇಬೇಕು. ಹೋದ ಸಲ ಎರಡು ಚೀಲ ಕಳುವಾದ ಮೇಲೆ ಮಗ ನನ್ನ ಬೆಳೆ ರಕ್ಷಣೆ ಕೋವಿಯನ್ನು ಹಾಸಿಗೆ ಪಕ್ಕ ಇಟ್ಕೊಂಡು ಮಲಗೋಕೆ ಶುರು ಮಾಡಿದ. "ಕಳ್ಳನಿಗೆ ಹೊಡೆದ್ರೆ ಕೇಸೇ ಆಗಲ್ಲ, ಅದು ಆತ್ಮರಕ್ಷಣೆ" ಅಂತ ಊರಲ್ಲಿ ಎಲ್ಲರದೂ ಒಂದೇ ಮಾತು. ನನಗೆ ಕಳ್ಳನಿಗಿಂತ ಆ ಮಾತಿನ ಭಯವೇ ಜಾಸ್ತಿಯಾಯ್ತು. ಅದಕ್ಕೇ ದಾವಣಗೆರೆಯ ವಕೀಲರೊಬ್ಬರ ಆಫೀಸಿಗೆ ಅವನನ್ನು ಕರ್ಕೊಂಡು ಹೋದೆ.

ಮೇಡಂ ಮೊದಲು ಕೇಳಿದ್ದು ಕೋವಿಯ ಲೈಸೆನ್ಸ್. "ಯಜಮಾನ್ರೇ, ಲೈಸೆನ್ಸ್ ನಿಮ್ಮ ಹೆಸರಲ್ಲಿ, ಕೋವಿ ಹುಡುಗನ ಕೈಲಿ. ಗುಂಡು ಹಾರದೇ ಇದ್ರೂ ಇದೇ ಒಂದು ಕೇಸು" ಅಂದರು. ಆಮೇಲೆ ಹಳೇ ಫೈಲಿನ ರಟ್ಟು ತಿರುಗಿಸಿ ಮಗನ ಕೈಗೆ ಪೆನ್ನು ಕೊಟ್ಟು ಮನೆ, ಗೋದಾಮು, ಕಣ, ಬೇಲಿ ಎಲ್ಲಾ ಬರೆಸಿದರು. ತಮ್ಮ ಪೆನ್ನಿನ ಮುಚ್ಚಳವನ್ನೇ ಕಳ್ಳ ಅಂತ ಗೋದಾಮಿನ ಮೇಲಿಟ್ಟರು.

ರಾತ್ರಿ ಹೊತ್ತು ಮನೆ ಅಥವಾ ಗೋದಾಮು ಒಡೆದು ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ ಪ್ರಕಾರ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವಷ್ಟರವರೆಗೂ ಹೋಗಬಹುದು. ಅಲ್ಲೂ 37ನೇ ಕಲಂ ಅಡ್ಡ ಇದೆ, ಅಗತ್ಯಕ್ಕಿಂತ ಒಂದೇಟೂ ಹೆಚ್ಚು ಹಾಕುವ ಹಾಗಿಲ್ಲ. ಮುಚ್ಚಳ ಕಣಕ್ಕೆ ಬಂತು. ಬಯಲು ಕಣದಿಂದ ಚೀಲ ಎತ್ತಿದರೆ ಅದು ಬರೀ ಕಳ್ಳತನ. ತಡೆಯಬಹುದು, ಚೀಲ ಕಿತ್ಕೋಬಹುದು, ಕೊಲ್ಲೋಕೆ ಹಕ್ಕಿಲ್ಲ. ಅವನು ಮಚ್ಚು ಎತ್ತಿ ಮೈಮೇಲೆ ಬಂದು, ಜೀವ ಹೋಗುತ್ತೆ ಇಲ್ಲವೇ ಕೈಕಾಲು ಮುರಿಯುತ್ತೆ ಅನ್ನೋ ನಿಜವಾದ ಭಯ ಇದ್ದರೆ ಮಾತ್ರ 38ನೇ ಕಲಂ ನಿನ್ನ ಕಡೆ ನಿಲ್ಲುತ್ತೆ ಅಂದರು.

ಕೊನೆಗೆ ಮುಚ್ಚಳವನ್ನು ಬೇಲಿ ಕಡೆ ತಿರುಗಿಸಿಟ್ಟು ಕೇಳಿದರು: "ಈಗ ಓಡ್ತಿದಾನೆ. ಬೆನ್ನಿಗೆ ಹೊಡೀತೀಯೇನಪ್ಪಾ?" ಮಗ ಮಾತಾಡಲಿಲ್ಲ. ಜೀವಭಯ ಇರೋವರೆಗೆ ಮಾತ್ರ ಆ ಹಕ್ಕು, ಬೆನ್ನಿಗೆ ಗುಂಡು ಬಿದ್ದರೆ ಭಯ ಇತ್ತು ಅಂತ ಕೋರ್ಟಲ್ಲಿ ತೋರಿಸೋ ಹೊರೆ ನಿನ್ನ ಮೇಲೇ ಅಂತ ಬಿಡಿಸಿ ಹೇಳಿದರು. ಹಿಡಿದರೂ ಕಟ್ಟಿಹಾಕಿ ಬಡಿಯೋ ಹಾಗಿಲ್ಲ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೇಲಿಗೆ ಕರೆಂಟ್ ಕೊಡೋ ವಿಚಾರ ನಾನೇ ಎತ್ತಿದ್ದೆ. ಅದಕ್ಕೆ ಗಟ್ಟಿಯಾಗಿ ಬೈದರು, ಬೈದಿದ್ದು ಸರಿ.

ಫೀಸು ಐನೂರು ತಗೊಂಡರು, ಮುಕ್ಕಾಲು ಗಂಟೆ ಕೂತು ಹೇಳಿದರು. ಒಂದೂವರೆ ಗಂಟೆ ಕಾಯಬೇಕಾಯ್ತು, ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಹೇಳಿದ್ದನ್ನು ಬರೆದುಕೊಡಿ ಅಂದರೆ ಕೊಡಲಿಲ್ಲ, ಅದೊಂದೇ ಬೇಸರ. ಹೋಗುವವರು ಲೈಸೆನ್ಸ್ ಪುಸ್ತಕ ತಗೊಂಡು ಹೋಗಿ, ಕಣ ಕಾಯೋ ಹುಡುಗರನ್ನೂ ಜೊತೆಗೆ ಕರ್ಕೊಂಡು ಹೋಗಿ. ಆ ರಟ್ಟನ್ನು ಮಗ ಕೇಳಿ ಇಸ್ಕೊಂಡು ಬಂದ. ಈಗ ಕೋವಿ ನನ್ನ ಬೀರುವಿನಲ್ಲಿದೆ, ಅವನ ಹಾಸಿಗೆ ಪಕ್ಕ ದೊಡ್ಡ ಟಾರ್ಚು, ಒಂದು ಸೀಟಿ, ಮೊಬೈಲಲ್ಲಿ 112.