ಡಾಲ್ಡಾ ಕೈಚೀಲ, ಐಸ್‌ಗೆ ಸ್ವೆಟರ್, ಏಳು ಲೋಟ

"ಪೆಂಗ್ವಿನ್‌ಗೆ ಸ್ವೆಟರ್ ಯಾರು ಹೆಣೆದು ಕೊಡ್ತಾರೆ ಅತ್ತೆ?" ಅಂತ ಅಣ್ಣನ ಮಗಳು ಕೇಳಿದಳು. ಆರು ವರ್ಷ ಅವಳಿಗೆ. ಯಾರೂ ಕೊಡಲ್ಲ ಅಂದೆ. "ಹಾಗಾದ್ರೆ ಅದಕ್ಕೆ ಬಿಸಿ ಎಲ್ಲಿಂದ ಬರುತ್ತೆ?" ಅವಳ ಲೆಕ್ಕದಲ್ಲಿ ಬಿಸಿ ಬರುವುದು ಸ್ವೆಟರ್‌ನಿಂದ. ಅವಳ ತಮ್ಮನಿಗೆ ನಾಲ್ಕು. ಅವನಿಗೆ ಚಳಿ ಅಂದರೆ ಫ್ರಿಡ್ಜ್ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಗಾಳಿ.

ಅವರದ್ದೇನು ತಪ್ಪು? ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಎಂಪರರ್ ಪೆಂಗ್ವಿನ್‌ಗಳು ಮೊಟ್ಟೆಗೆ ಕಾವು ಕೊಡುವ ಜಾಗದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೋಗುತ್ತದೆ. ನಾವೋ, 15 ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುವವರು.

ದಸರಾ ರಜೆಯಲ್ಲಿ ಹನುಮಂತನಗರದ ನಮ್ಮ ಮನೆಯಲ್ಲಿ ಇವರಿಬ್ಬರು, ಜೊತೆಗೆ ಅಕ್ಕಪಕ್ಕದ ಮನೆಯ ಮೂವರು. ನಾಲ್ಕರಿಂದ ಏಳು ವರ್ಷದವರು. ಹಿಮದ ನಾಡಿನ ಪ್ರಾಣಿಗಳು ಹೇಗೆ ಬೆಚ್ಚಗಿರುತ್ತವೆ ಅಂತ ತಿಳಿಸಲು ಒಂದೊಂದು ದಿನ ಒಂದೊಂದು ಉಪಾಯ ಮಾಡಿ ನೋಡಿದೆ.

ಮೊದಲು ಸುಲಭದ ದಾರಿ, ಮೊಬೈಲ್ ವಿಡಿಯೋ. ಹತ್ತು ನಿಮಿಷ ಯಾರೂ ಅಲ್ಲಾಡಲಿಲ್ಲ. ಹಿಮಕರಡಿಯ ಚರ್ಮ ಕಪ್ಪು ಅನ್ನುವುದೊಂದು ತಲೆಯಲ್ಲಿ ಉಳಿಯಿತು. ಅಷ್ಟೇ. ಚಳಿ ಗೊತ್ತಾಗಲಿಲ್ಲ. ಸೋಫಾ ಮೇಲೆ ಕೂತು ಹೇಗೆ ಗೊತ್ತಾಗಬೇಕು?

ಹಾಗಂತ ಕೃತಕ ಹಿಮ ಇರುವ ಜಾಗಕ್ಕೂ ಕರೆದುಕೊಂಡು ಹೋದೆ. ಐದು ಜನಕ್ಕೆ ಟಿಕೆಟ್, ಬಾಡಿಗೆ ಜಾಕೆಟ್, ಬೂಟು, ಜೇಬಿಗೆ ಚೆನ್ನಾಗಿ ಕತ್ತರಿ ಬಿತ್ತು. ಚಳಿಯೇನೋ ನಿಜವಾದದ್ದೇ. ಆದರೆ ಮಕ್ಕಳು ಕಲಿತದ್ದು ಜಾರಿ ಬೀಳುವುದನ್ನು. ಅದಕ್ಕಿಂತ ಸಿಟ್ಟು ಬಂದದ್ದು ಅಲ್ಲಿನ ಗೊಂಬೆಗಳನ್ನು ನೋಡಿ. ಹಿಮಕರಡಿಯ ಪಕ್ಕದಲ್ಲೇ ಪೆಂಗ್ವಿನ್! ಕರಡಿ ಇರುವುದು ಉತ್ತರ ಧ್ರುವದ ಕಡೆ, ಎಂಪರರ್ ಪೆಂಗ್ವಿನ್ ಇರುವುದು ದಕ್ಷಿಣ ಧ್ರುವದ ಕಡೆ. ಮೃಗಾಲಯದ ಹೊರಗೆ ಬೆಳೆದ ಯಾವ ಹಿಮಕರಡಿಯೂ ಪೆಂಗ್ವಿನ್ ಮುಖ ನೋಡಿಲ್ಲ. ಮನೆಗೆ ಬಂದು ಒಂದು ಮೂಸಂಬಿ ತಗೊಂಡು, ತೊಟ್ಟಿನ ಹತ್ತಿರ ಕರಡಿ, ಕೆಳಗಿನ ತುದಿಯಲ್ಲಿ ಪೆಂಗ್ವಿನ್ ಬರೆದೆ. ಆ ಒಂದು ಹಣ್ಣು ಮಾಡಿದ ಕೆಲಸವನ್ನು ಅಷ್ಟು ದುಡ್ಡಿನ ಟಿಕೆಟ್ ಮಾಡಲಿಲ್ಲ.

ಇನ್ನು ಡಾಲ್ಡಾ. ಒಂದು ಜಿಪ್ ಕವರ್‌ನಲ್ಲಿ ಡಾಲ್ಡಾ ತುಂಬಿ, ಅದರೊಳಗೆ ಇನ್ನೊಂದು ಕವರ್ ಇಟ್ಟು, ಬಾಯಿಗೆ ಟೇಪ್ ಸುತ್ತಿದರೆ ಕೈ ಹಾಕಿಕೊಳ್ಳುವ ಚೀಲ ಸಿದ್ಧ. ಕೈಗೆ ಜಿಡ್ಡು ತಾಗುವುದಿಲ್ಲ. ಇನ್ನೊಂದು ಕೈಗೆ ಖಾಲಿ ಕವರ್‌ಗಳು. ಎರಡೂ ಕೈ ಐಸ್ ನೀರಿನ ಬಕೆಟ್‌ಗೆ. "ಹಬ್ಬಕ್ಕೂ ನಮ್ಮನೆಗೆ ಇಷ್ಟು ಡಾಲ್ಡಾ ತಂದಿಲ್ಲ ಕಣೆ" ಅಂತ ಅಮ್ಮ ಗೊಣಗುತ್ತಿದ್ದರು. ಖಾಲಿ ಕವರ್‌ನ ಕೈ ಹದಿನೈದು ಸೆಕೆಂಡಿನೊಳಗೆ ಹೊರಗೆ ಬಂತು. ಡಾಲ್ಡಾದ ಕೈ ಒಂದು ನಿಮಿಷವಾದರೂ ಆರಾಮ. ಸೀಲ್, ವಾಲ್ರಸ್, ಹಿಮಕರಡಿ ಎಲ್ಲಕ್ಕೂ ಚರ್ಮದ ಕೆಳಗೆ ಇಂಥ ಕೊಬ್ಬಿನ ಪದರ ಇದೆ, ಕೆಲವಕ್ಕೆ 10 ಸೆಂಟಿಮೀಟರ್‌ವರೆಗೂ, ಅಂದರೆ ಅರ್ಧ ಗೇಣು ದಪ್ಪ ಅಂತ ಕೈಯಲ್ಲೇ ಅಳೆದು ತೋರಿಸಿದೆ.

ಕಡಿಮೆ ಖರ್ಚಾಗಲಿ ಅಂತ ಕೊಬ್ಬರಿ ಎಣ್ಣೆಯಲ್ಲೂ ಮಾಡಿದೆ. ಕೆಟ್ಟಿತು. ಸುಮಾರು 24 ಡಿಗ್ರಿಗಿಂತ ಕೆಳಗಾದರೆ ತಾನೆ ಅದು ಗಟ್ಟಿಯಾಗುವುದು? ಎಣ್ಣೆಯೆಲ್ಲ ಕವರ್‌ನ ತಳಕ್ಕೆ ಇಳಿಯಿತು, ಮೊಣಕೈ ಹತ್ತಿರ ಏನೂ ಉಳಿಯಲಿಲ್ಲ. ಡಿಸೆಂಬರ್ ಬೆಳಗ್ಗೆ ಬಾಟಲಿಯಿಂದ ಎಣ್ಣೆ ಬೀಳದಿರುವ ಕಾಲದಲ್ಲಿ ನೋಡಬಹುದೇನೋ. ಉಲ್ಲನ್ ಗ್ಲೌಸ್ ಕೂಡ ಹಾಕಿಸಿದೆ. ನೀರಿಗಿಳಿದ ಕ್ಷಣ ತೊಯ್ದು, ಬರಿಗೈಗಿಂತ ಸ್ವಲ್ಪ ವಾಸಿ ಅಷ್ಟೇ. ಇದು ಸೋಲು ಅಂತ ನಾನು ಅಂದುಕೊಳ್ಳಲಿಲ್ಲ. ಹಿಮಕರಡಿಯ ತುಪ್ಪಳವೂ ಹಾಗೇ. ನೆಲದ ಮೇಲೆ ಗಾಳಿ ಹಿಡಿದಿಟ್ಟು ಬೆಚ್ಚಗಿಡುತ್ತದೆ, ನೀರಿಗಿಳಿದರೆ ಕೊಬ್ಬಿನ ಮೇಲೇ ಭಾರ.

ಆದರೆ ಡಾಲ್ಡಾಕ್ಕೆ ಒಂದು ದೊಡ್ಡ ಕೊರತೆ ಇದೆ. ಎಲ್ಲ ಮುಗಿದ ಮೇಲೆ ಏನು ಗೊತ್ತಾಯ್ತು ಅಂತ ಕೇಳಿದೆ. "ಡಾಲ್ಡಾ ಬಿಸಿ ಇರುತ್ತೆ!" ಸ್ವೆಟರ್ ಹೋಗಿ ಡಾಲ್ಡಾ ಬಂತು, ಬಿಸಿ ಮಾತ್ರ ಹೊರಗಿನಿಂದಲೇ ಬರುತ್ತಿತ್ತು.

ಮರುದಿನ ಎರಡು ಟಿಫಿನ್ ಡಬ್ಬಿ ತೆಗೆದೆ. ಎರಡಕ್ಕೂ ನಾಲ್ಕು ನಾಲ್ಕು ಐಸ್ ಕ್ಯೂಬ್. ಒಂದಕ್ಕೆ ಅಜ್ಜಿಯ ಉಲ್ಲನ್ ಸ್ವೆಟರ್ ಸುತ್ತಿದೆ, ಒಂದನ್ನು ಸುಮ್ನೆ ಮೇಜಿನ ಮೇಲೆ ಇಟ್ಟೆ. ಯಾವುದು ಮೊದಲು ಕರಗುತ್ತೆ? ಐವರೂ ಕೈ ಎತ್ತಿದ್ದು ಸ್ವೆಟರ್ ಡಬ್ಬಿಗೆ. ಪಾಪ, ಐಸ್‌ಗೆ ಸೆಕೆ ಆಗುತ್ತಲ್ವಾ! ಫ್ಯಾನ್ ತಿರುಗುತ್ತಿತ್ತು. ಮುಕ್ಕಾಲು ಗಂಟೆಗೆ ಮೇಜಿನ ಡಬ್ಬಿಯಲ್ಲಿ ಬರೀ ನೀರು. ಸ್ವೆಟರ್ ಬಿಚ್ಚಿದರೆ ಇನ್ನೂ ಸುಮಾರು ಐಸ್ ಇತ್ತು. ಹುಡುಗಿ ಸ್ವೆಟರ್ ಒಳಗೆ ಕೈ ಹಾಕಿ ತಡಕಿದಳು. "ಇದು ಬಿಸಿ ಕೊಡಲ್ವಾ?" ಕೊಡಲ್ಲ. ಒಳಗಿದ್ದದ್ದನ್ನು ಒಳಗೆ, ಹೊರಗಿದ್ದದ್ದನ್ನು ಹೊರಗೆ ಇಡುತ್ತೆ, ಹಾಟ್‌ಬಾಕ್ಸ್ ಥರ. ನಿನ್ನ ಬಿಸಿ ನೀನು ತಿಂದ ಮುದ್ದೆಯಿಂದ, ಕರಡಿಯ ಬಿಸಿ ಅದು ತಿಂದ ಸೀಲ್‌ನಿಂದ. ಡಾಲ್ಡಾದಂಥ ಆ ಕೊಬ್ಬೂ ಸ್ವೆಟರೇ.

ನನ್ನ ಮಟ್ಟಿಗೆ ಗೆದ್ದದ್ದು ಇದೇ. ಖರ್ಚಿಲ್ಲ, ಜಿಡ್ಡಿಲ್ಲ. ಆದರೆ ನಾಲ್ಕು ವರ್ಷದವನು ಐದು ನಿಮಿಷಕ್ಕೇ ಎದ್ದು ಹೋದ. ಅವನ ವಯಸ್ಸಿಗೆ ಡಾಲ್ಡಾವೇ ಸರಿ.

ಮೇಣದ ಬಣ್ಣ ತಿಕ್ಕಿದ ಕಾಗದದ ಪೆಂಗ್ವಿನ್ ಮೇಲೆ ನೀರು ಚಿಮುಕಿಸುವುದು ಚೆಂದ, ಬೇಗ ಮುಗಿಯುತ್ತೆ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರುತ್ತದೆ. ಪೆಂಗ್ವಿನ್ ಬಾಲದ ಹತ್ತಿರದ ಗ್ರಂಥಿಯಿಂದ ಎಣ್ಣೆ ತೆಗೆದು ಕೊಕ್ಕಿನಿಂದ ಗರಿಗೆ ಸವರಿಕೊಳ್ಳುತ್ತದೆ ಅಂತ ಹೇಳಲು ಅಷ್ಟು ಸಾಕು.

ಐವರಿಗೂ ಒಟ್ಟಿಗೆ ಹಿಡಿಸಿದ್ದು ಮಾತ್ರ ಲೋಟ. ಸ್ನಾನಕ್ಕೆ ಹದವಾದಷ್ಟು ಬಿಸಿನೀರು, ಎಂಟು ಸ್ಟೀಲ್ ಲೋಟ. ಒಂದರ ಸುತ್ತ ಆರು ಒತ್ತಾಗಿ, ಎಂಟನೆಯದು ದೂರ ಒಂಟಿಯಾಗಿ. ಇಪ್ಪತ್ತು ನಿಮಿಷಕ್ಕೆ ಬೆರಳು ಅದ್ದಿದರೆ ಒಂಟಿ ಲೋಟ ಉಗುರು ಬೆಚ್ಚಗೆ, ನಡುವಿನ ಏಳನೆಯದು ಇನ್ನೂ ಬಿಸಿ. ಆಮೇಲೆ ಅವರೇ ಲೋಟಗಳಾದರು. ಟೇಬಲ್ ಫ್ಯಾನ್ ಎದುರು ಗುಂಪು ಕಟ್ಟಿ, ಹೊರಗಿದ್ದವರು ಮೆಲ್ಲಗೆ ಒಳಗೆ, ಒಳಗಿದ್ದವರು ಹೊರಗೆ. ಚಳಿಯಲ್ಲಿ ಎಂಪರರ್ ಪೆಂಗ್ವಿನ್‌ಗಳು ಮಾಡುವುದೂ ಹೀಗೇ. "ಮೆಜೆಸ್ಟಿಕ್ ಬಸ್ ಆಯ್ತು ಇದು" ಅಂದರು ಅಮ್ಮ. ಎಂಪರರ್ ಪೆಂಗ್ವಿನ್‌ನಲ್ಲಿ ಮೊಟ್ಟೆಗೆ ಕಾವು ಕೊಡುವವನು ಅಪ್ಪ, ಸುಮಾರು 65 ದಿನ, ಪಾದದ ಮೇಲಿಟ್ಟುಕೊಂಡು, ಊಟವಿಲ್ಲದೆ ಅಂದದ್ದೇ ತಡ, ಅಣ್ಣನ ಪಾದದ ಮೇಲೆ ಮೂಸಂಬಿ ಬಂತು. ಕಾಫಿ ಕೇಳಿದರೂ ಕೊಡಲಿಲ್ಲ.

ಹೋದ ವಾರ ಗಾಂಧಿ ಬಜಾರ್‌ನಲ್ಲಿ ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತಿದ್ದೆವು. ಐಸ್ ಗಡ್ಡೆಗೆ ಗೋಣಿಚೀಲ ಹೊದಿಸಿದ್ದರು.

"ಅದಕ್ಕೆ ಚಳಿ ಆಗ್ತಿದ್ಯಾ?" ಅಂದ ಚಿಕ್ಕವನು.

"ಅಲ್ಲ ಕಣೋ," ಅಂದಳು ಅಕ್ಕ, "ನಮ್ಮ ಬಿಸಿ ಅದಕ್ಕೆ ಬೇಡವಂತೆ."