ಸರ್ಕ್ಯೂಟ್ ಪಾಠಕ್ಕೆ ಫೆಟ್: ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯೊಬ್ಬಳ ಅನುಭವ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು ಒಂದೇ ಒಂದು ವೆಬ್‌ಸೈಟ್ ಹೇಳಿ ಅಂತ ಕೇಳಿದರೆ, ನಾನು ಫೆಟ್ (PhET) ಹೆಸರು ಹೇಳುತ್ತೇನೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿರುವುದು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಶುರು ಮಾಡಿದರು. ಪರದೆಯ ಮೇಲೆ ನಾವೇ ಕೈಯಾಡಿಸಿ ನೋಡಬಹುದಾದ ಪ್ರಯೋಗಗಳು ಅಲ್ಲಿವೆ. ಸಿಮ್ಯುಲೇಶನ್ ಅನ್ನುತ್ತಾರೆ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿ 150ಕ್ಕೂ ಹೆಚ್ಚು ಇವೆ. ವೆಬ್‌ಸೈಟಿನಲ್ಲಿ ಬಳಸಲು ದುಡ್ಡು ಕೊಡಬೇಕಿಲ್ಲ. ಹಲವು ಕನ್ನಡದಲ್ಲೂ ಸಿಗುತ್ತವೆ.

ನಾನು ಪಾಠ ಮಾಡುವುದು ದಾವಣಗೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ. ನಮ್ಮಲ್ಲಿ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಇದೆ. ಇಂಟರ್‌ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಇಂಥ ಕಡೆ ಫೆಟ್ ಉಪಯೋಗಕ್ಕೆ ಬರುತ್ತದೆಯೇ ಅಂತ ಕೇಳುವವರು ಜಾಸ್ತಿ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕೆಲವು ಹಳೆಯವನ್ನು ಬಿಟ್ಟರೆ ಒಂದೊಂದು ಸಿಮ್ಯುಲೇಶನ್ ಕೂಡ ಒಂದೇ ಒಂದು ಎಚ್‌ಟಿಎಂಎಲ್ ಫೈಲು, ಅಂದರೆ ವೆಬ್ ಪುಟದ ಫೈಲು. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಆಯ್ತು. ಶಾಲೆಯ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ನೆಟ್ ಬೇಡ, ಇನ್‌ಸ್ಟಾಲ್ ಬೇಡ, ಪಾಸ್‌ವರ್ಡ್ ಬೇಡ. ಮಕ್ಕಳು ಲಾಗಿನ್ ಆಗುವ ತಾಪತ್ರಯವೂ ಇಲ್ಲ.

ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಹೊಗಳುವುದಕ್ಕಿಂತ, ನಾನು ಅತಿ ಹೆಚ್ಚು ಬಳಸಿದ ಒಂದರ ಬಗ್ಗೆ ವಿವರವಾಗಿ ಹೇಳುತ್ತೇನೆ. ಅದು ಡಿಸಿ, ಅಂದರೆ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುವ ಸರ್ಕ್ಯೂಟ್ ಕಟ್ಟುವ ಕಿಟ್. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ.

ಪರದೆಯ ಪಕ್ಕದಲ್ಲಿ ವೈರು, ಬ್ಯಾಟರಿ, ಬಲ್ಬು, ರೋಧಕ (ಕರೆಂಟಿಗೆ ಅಡ್ಡಿ ಮಾಡುವ ಭಾಗ), ಸ್ವಿಚ್ಚು, ಫ್ಯೂಸು ಇರುತ್ತವೆ. ಬೇಕಾದ್ದನ್ನು ಎಳೆದು ತಂದು ತುದಿಗೆ ತುದಿ ಜೋಡಿಸಬೇಕು. ಸರ್ಕ್ಯೂಟ್ ಪೂರ್ತಿಯಾದ ಕೂಡಲೇ ಬಲ್ಬು ಹೊತ್ತುತ್ತದೆ, ವೈರಿನೊಳಗೆ ಎಲೆಕ್ಟ್ರಾನುಗಳು ನೀಲಿ ಗುಂಡುಗಳಾಗಿ ಓಡುತ್ತವೆ. ಪರದೆ ಮೇಲೆ ಓದಬೇಕಾದ ಮಾತು ತೀರಾ ಕಮ್ಮಿ. ಹಾಗಾಗಿ ಇಂಗ್ಲಿಷ್ ಓದಲು ತಡವರಿಸುವ ಮಗುವೂ ಮುಂದೆ ಬಂದು ಮೌಸ್ ಹಿಡಿಯುತ್ತದೆ.

ಆದರೆ ಸುಮ್ನೆ ತೋರಿಸಿದರೆ ಪ್ರಯೋಜನ ಕಡಿಮೆ. ನಾನು ಮೊದಲು ಬೋರ್ಡಿನ ಮೇಲೆ ಒಂದು ಬ್ಯಾಟರಿ, ಒಂದರ ಹಿಂದೆ ಒಂದು ಎರಡು ಬಲ್ಬು ಬರೆಯುತ್ತೇನೆ. ಯಾವ ಬಲ್ಬು ಜೋರಾಗಿ ಉರಿಯುತ್ತದೆ, ಕೈ ಎತ್ತಿ ಅನ್ನುತ್ತೇನೆ. ಅರ್ಧಕ್ಕಿಂತ ಹೆಚ್ಚು ಕೈ ಮೊದಲನೇ ಬಲ್ಬಿಗೇ ಏಳುತ್ತವೆ. "ಮೊದಲನೇದು ಕರೆಂಟನ್ನ ಸ್ವಲ್ಪ ಖರ್ಚು ಮಾಡುತ್ತಲ್ವಾ ಮೇಡಂ, ಉಳಿದಿದ್ದು ತಾನೇ ಎರಡನೇದಕ್ಕೆ?" ನಮ್ಮದು ಭದ್ರಾ ನಾಲೆಯ ಸೀಮೆ. ಮೇಲಿನವರು ನೀರು ಹಾಯಿಸಿಕೊಂಡರೆ ನಾಲೆಯ ಕೊನೆಯವರಿಗೆ ಕಮ್ಮಿ ಬರುತ್ತದೆ ಅನ್ನುವುದನ್ನು ಈ ಮಕ್ಕಳು ಮನೆಯಲ್ಲಿ ದಿನಾ ಕೇಳಿ ಬೆಳೆದವರು. ಅವರ ಉತ್ತರದಲ್ಲಿ ಒಂದು ತರ್ಕ ಇದೆ. ಅದನ್ನು ತಪ್ಪು ಅಂದು ಹೊಡೆದು ಹಾಕಿದರೆ ಬಾಯಿ ಮುಚ್ಚುತ್ತಾರೆ, ನಂಬಿಕೆ ಮಾತ್ರ ಹಾಗೇ ಉಳಿಯುತ್ತದೆ.

ಆಮೇಲೆ ಸಿಮ್ಯುಲೇಶನ್ ತೆರೆಯುತ್ತೇವೆ. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಒಂದೇ ಬಲ್ಬು ಇದ್ದಾಗ ಕರೆಂಟು ಅಳೆಯುವ ಅಮ್ಮೀಟರ್ 0.9 ಆಂಪಿಯರ್ ತೋರಿಸುತ್ತದೆ. ಎರಡನೇ ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ ಸೇರಿಸಿದರೆ 0.45. ಎರಡೂ ಬಲ್ಬು ಮಂಕಾಗುತ್ತವೆ, ಆದರೆ ಒಂದೇ ಸಮ ಮಂಕು. ಮೊದಲನೇ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಆಚೆ, ಅಮ್ಮೀಟರನ್ನು ಎಲ್ಲಿ ಇಟ್ಟರೂ ಅದೇ 0.45. ನೀಲಿ ಗುಂಡುಗಳೂ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುತ್ತಿರುತ್ತವೆ. ತರಗತಿ ಆಗ ಒಂದು ಕ್ಷಣ ಗಪ್‌ಚಿಪ್. ನಂತರ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಖರ್ಚಾಗೋದು ಏನು ಮೇಡಂ?" ಬಲ್ಬು ತೆಗೆದುಕೊಳ್ಳುವುದು ಶಕ್ತಿಯನ್ನು, ಎಲೆಕ್ಟ್ರಾನುಗಳನ್ನಲ್ಲ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇಲ್ಲ. ವೋಲ್ಟ್‌ಮೀಟರನ್ನು ಒಂದೊಂದು ಬಲ್ಬಿಗೂ ಇಟ್ಟು ನೋಡಿದರೆ 4.5, 4.5. ಹಂಚಿಹೋಗಿರುವುದು ವೋಲ್ಟೇಜು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಅದೇ ಎರಡು ಬಲ್ಬನ್ನು ಸಮಾಂತರವಾಗಿ, ಅಂದರೆ ಒಂದೊಂದಕ್ಕೂ ಬೇರೆ ದಾರಿ ಕೊಟ್ಟು ಜೋಡಿಸಿದರೆ ಒಂದೊಂದರಲ್ಲೂ 0.9, ಬ್ಯಾಟರಿಯ ಹತ್ತಿರ 1.8. ಒಂದು ಬಲ್ಬು ಕಿತ್ತರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ಮನೆಯ ವೈರಿಂಗ್ ಯಾಕೆ ಹೀಗಿದೆ ಅನ್ನುವುದನ್ನು ಮಕ್ಕಳೇ ಹೇಳುತ್ತಾರೆ.

ವಿಡಿಯೊಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ಸರ್ಕಾರದ ಆನ್‌ಲೈನ್ ಕಲಿಕೆಯ ವೇದಿಕೆ ದೀಕ್ಷಾದ ಪಾಠ ತೆರೆಯುತ್ತದೆ. ರಜೆ ಹಾಕಿದ ಮಗುವಿಗೆ, ಪರೀಕ್ಷೆಗೆ ಮುಂಚೆ ಮತ್ತೆ ಓದಿಕೊಳ್ಳುವವರಿಗೆ ಅದು ಬೇಕು. ಆದರೆ ವಿಡಿಯೊ ತಾನು ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತದೆ. "ಬ್ಯಾಟರಿ ಎರಡು ಹಾಕಿದ್ರೆ?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಅದರ ಹತ್ತಿರ ಉತ್ತರ ಇರುವುದಿಲ್ಲ. ಫೆಟ್‌ನಲ್ಲಿ "ಬಾ, ಹಾಕಿ ನೋಡು" ಅನ್ನಬಹುದು. ನಾನು ಇದನ್ನು ಇಷ್ಟು ಮೆಚ್ಚುವುದಕ್ಕೆ ಮುಖ್ಯ ಕಾರಣ ಇದೇ.

ಮಕ್ಕಳು ಬೇಗನೆ ಕಂಡುಹಿಡಿಯುವುದು ಶಾರ್ಟ್ ಸರ್ಕ್ಯೂಟ್. ಬ್ಯಾಟರಿಯ ಎರಡು ತುದಿಗೂ ಬರೀ ವೈರು ಜೋಡಿಸಿದರೆ ಪರದೆ ಮೇಲೆ ಬೆಂಕಿ ಏಳುತ್ತದೆ. ಇಡೀ ತರಗತಿ ಕೂಗುತ್ತದೆ. ಆ ಗದ್ದಲವನ್ನು ತಡೆಯಬೇಡಿ. ರೋಧ ಸೊನ್ನೆಯ ಹತ್ತಿರ ಹೋದರೆ ವಿದ್ಯುತ್ ಪ್ರವಾಹ ಎಷ್ಟಾಗುತ್ತದೆ ಅಂತ ಓಮ್ ನಿಯಮದಲ್ಲಿ (ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ) ಲೆಕ್ಕ ಹಾಕಿಸಲು ಅದೇ ಸರಿಯಾದ ಸಮಯ. ನಾಣ್ಯ, ಪೆನ್ಸಿಲ್, ರಬ್ಬರ್, ಪೇಪರ್ ಕ್ಲಿಪ್‌ಗಳನ್ನು ಸರ್ಕ್ಯೂಟಿನಲ್ಲಿ ಇಟ್ಟು ವಾಹಕ ಯಾವುದು, ಅವಾಹಕ ಯಾವುದು ಅಂತಲೂ ನೋಡಬಹುದು. ಆದರೆ ಒಂದು ಎಚ್ಚರಿಕೆಯನ್ನು ನಾನು ಪ್ರತಿ ಸಲ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ: ಪರದೆಯ ಮೇಲೆ ಮಾಡಿದ್ದನ್ನು ಮನೆಯ ಪ್ಲಗ್ಗಿನಲ್ಲಿ ಮಾಡಬಾರದು. ಅಲ್ಲಿ ಇರುವುದು 230 ವೋಲ್ಟ್. ಮನೆಮನೆಯಲ್ಲಿ ಪಂಪ್‌ಸೆಟ್ ಇರುವ ಊರಿನಲ್ಲಿ ಈ ಮಾತು ಎಷ್ಟು ಸಲ ಹೇಳಿದರೂ ಜಾಸ್ತಿಯಲ್ಲ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಲೆಕ್ಕದಲ್ಲೂ ಒಂದು ಅನುಕೂಲ ಇದೆ. ಕಟ್ಟಿದ ಸರ್ಕ್ಯೂಟನ್ನು ಒಂದೇ ಬಟನ್‌ನಲ್ಲಿ ಚಿಹ್ನೆಗಳ ಚಿತ್ರವಾಗಿ ಬದಲಿಸಬಹುದು. ಬಲ್ಬಿನ ಜಾಗದಲ್ಲಿ ಬಲ್ಬಿನ ಚಿಹ್ನೆ, ಬ್ಯಾಟರಿಯ ಜಾಗದಲ್ಲಿ ಗೆರೆಗಳು. ಮಂಡಲ ಚಿತ್ರ (ಸರ್ಕ್ಯೂಟಿನ ಚಿಹ್ನೆಗಳ ಚಿತ್ರ) ಬರೆಯಿರಿ ಅಂದರೆ ಹೆದರುವ ಮಕ್ಕಳು ಹಿಂದೆ ಮುಂದೆ ಬಟನ್ ಒತ್ತಿ ನೋಡಿ ತಾವೇ ಕಲಿಯುತ್ತಾರೆ.

ಇನ್ನು ಮಿತಿಗಳು. ಎಲೆಕ್ಟ್ರಾನುಗಳ ಓಟವನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದಾರೆ. ನಿಜದಲ್ಲಿ ಅವು ವೈರಿನಲ್ಲಿ ಸರಿಯುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಮ್ಮಿ. ಇದನ್ನು ಶಿಕ್ಷಕರು ಹೇಳಲೇಬೇಕು. ಎಲೆಕ್ಟ್ರಾನು ಹರಿಯುವ ದಿಕ್ಕು ನಾವು ಪುಸ್ತಕದಲ್ಲಿ ಗುರುತಿಸುವ ಪ್ರವಾಹದ ದಿಕ್ಕಿಗೆ ವಿರುದ್ಧ. ಎಲೆಕ್ಟ್ರಾನಿನ ಬದಲು ಬಾಣದ ಗುರುತು ತೋರಿಸುವ ಆಯ್ಕೆ ಅಲ್ಲೇ ಇದೆ, ಎರಡನ್ನೂ ತೋರಿಸಿ. ಅನುವಾದಗಳನ್ನು ಬಹಳಷ್ಟು ಸ್ವಯಂಸೇವಕರು ಮಾಡಿರುವುದರಿಂದ ಎಲ್ಲವೂ ಕನ್ನಡಕ್ಕೆ ಬಂದಿಲ್ಲ. ಪಾಠಕ್ಕೆ ಮುಂಚೆ ಒಮ್ಮೆ ತೆರೆದು ನೋಡಿಕೊಳ್ಳಿ. ಶಿಕ್ಷಕರಿಗಾಗಿ ಇರುವ ಚಟುವಟಿಕೆ ಹಾಳೆಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇವೆ. ಫೋನಿನಲ್ಲೂ ನಡೆಯುತ್ತದೆ, ಆದರೆ ಸಣ್ಣ ಪರದೆಯಲ್ಲಿ ವೈರಿನ ತುದಿ ಹಿಡಿದು ಜೋಡಿಸುವುದು ಕಷ್ಟ. ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಇದ್ದರೆ ಒಳ್ಳೆಯದು.

ನಿಜವಾದ ಬ್ಯಾಟರಿ, ಬಲ್ಬಿನ ಜಾಗವನ್ನು ಇದು ತುಂಬುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೈಗೆ ವೈರು ಸಿಗಬೇಕು, ಸಿಪ್ಪೆ ಸುಲಿಯಬೇಕು, ಸಡಿಲವಾದ ತುದಿ ಹುಡುಕಬೇಕು. ಆದರೆ ಬರೀ ಅದೊಂದೇ ಸಾಕು ಅನ್ನುವುದೂ ಸರಿಯಲ್ಲ. ಈಗ ಅಂಗಡಿಯಲ್ಲಿ ಹಳೇ ಕಾಲದ ಟಾರ್ಚ್ ಬಲ್ಬು ಸಿಗುವುದೇ ಅಪರೂಪ, ಎಲ್ಲಾ ಎಲ್‌ಇಡಿ. ಎಲ್‌ಇಡಿ ಓಮ್ ನಿಯಮದಂತೆ ನಡೆಯುವುದಿಲ್ಲ, ತಿರುಗಿಸಿ ಹಾಕಿದರೆ ಹೊತ್ತುವುದೇ ಇಲ್ಲ. ಟಾರ್ಚ್ ಬಲ್ಬು ಸಿಕ್ಕಿದರೂ ಒಂದೇ ಪೆಟ್ಟಿಗೆಯ ಎರಡು ಬಲ್ಬು ಒಂದೇ ಸಮ ಉರಿಯುತ್ತವೆ ಅನ್ನುವ ಖಾತ್ರಿ ಇಲ್ಲ. ಸರಣಿಯಲ್ಲಿ ಒಂದು ಮಂಕಾಗಿ ಕಂಡರೆ ಮಗುವಿನ ಹಳೇ ನಂಬಿಕೆಯೇ ಗಟ್ಟಿಯಾಗುತ್ತದೆ. ಅದಕ್ಕೇ ನಾನು ಮೊದಲು ಫೆಟ್ ತೋರಿಸಿ, ಮರುದಿನ ಸೆಲ್ಲು, ಬಲ್ಬು ಕೊಟ್ಟು, ಎರಡಕ್ಕೂ ವ್ಯತ್ಯಾಸ ಬಂದರೆ ಯಾಕೆ ಅಂತ ಬರೆಸುತ್ತೇನೆ. ಕಸದಿಂದ ವಿಜ್ಞಾನದ ಆಟಿಕೆ ಮಾಡುವ ಅರವಿಂದ ಗುಪ್ತಾ ಅವರ ವೆಬ್‌ಸೈಟ್ ಕೂಡ ಆ ಮರುದಿನದ ಪಾಠಕ್ಕೆ ಬಹಳ ಸಹಾಯ. ಅದೂ ಉಚಿತ.

ಬೇರೆ ಸಿಮ್ಯುಲೇಶನ್‌ಗಳಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸುವುದು ನನಗೆ ಎರಡನೇ ಅಚ್ಚುಮೆಚ್ಚು. ಅಮೋನಿಯಾ ತಯಾರಿಕೆ, ನೀರಿನ ವಿಭಜನೆ, ಮೀಥೇನ್ ದಹನ, ಮೂರಕ್ಕೂ ಎರಡು ಕಡೆಯ ಪರಮಾಣುಗಳನ್ನು ತೂಗಿ ತೋರಿಸುವ ತಕ್ಕಡಿ ಇದೆ. ಸರಿಯಾದರೆ ನಗುಮುಖ ಬರುತ್ತದೆ. ಬೆಳಕಿನ ಪಾಠಕ್ಕೆ ಮಸೂರದ ಸಿಮ್ಯುಲೇಶನ್ ಇದೆ, ವಸ್ತುವನ್ನು ಸರಿಸಿದಂತೆ ಬಿಂಬವೂ ಸರಿಯುತ್ತದೆ. ಜೀವವಿಜ್ಞಾನಕ್ಕೆ ಇರುವುದು ಕಮ್ಮಿ, ಅದರಲ್ಲಿ ಮೊಲಗಳ ಮೂಲಕ ನೈಸರ್ಗಿಕ ಆಯ್ಕೆ ತೋರಿಸುವುದು ಚೆನ್ನಾಗಿದೆ.

ಹೊಸದಾಗಿ ಶುರು ಮಾಡುವವರು ಹತ್ತಾರು ಫೈಲು ತುಂಬಿಕೊಳ್ಳಬೇಡಿ. ಸರ್ಕ್ಯೂಟ್ ಕಿಟ್ ಒಂದನ್ನೇ ಇಳಿಸಿಕೊಳ್ಳಿ. ಎರಡು ಬಲ್ಬಿನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಎಷ್ಟು ಕೈ ಎದ್ದವು ಅಂತ ಪಕ್ಕದಲ್ಲೇ ಗುರುತು ಹಾಕಿ, ಆಮೇಲೆ ಪ್ರೊಜೆಕ್ಟರ್ ಹಚ್ಚಿ. ಮೌಸ್ ಮಾತ್ರ ಮಕ್ಕಳ ಕೈಗೆ ಕೊಡಿ.