ರೈಲು ಮಾದರಿ ಕಟ್ಟುವವರೇ, ‘710 ಪ್ಲೈವುಡ್’ ಅಂದ ಕೂಡಲೇ ನಂಬಬೇಡಿ

ಮನೆಯಲ್ಲಿ ಪುಟ್ಟ ರೈಲು ಓಡಿಸುವ ಆಸೆ ಇರುವ ಕರಾವಳಿಯವರಿಗೆ ಈ ಮಾತು. ಹಳಿ, ಇಂಜಿನ್, ಡಬ್ಬಿ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಏಟು ಬಿದ್ದದ್ದು ಅವುಗಳ ಅಡಿಗೆ ಹಾಕಿದ ಹಲಗೆಯಿಂದ.

ನಾನು ಕಟ್ಟಿದ್ದು ನಮ್ಮ ಮಂಗಳೂರನ್ನೇ. ಕೇರಳದ ಕಡೆಯಿಂದ ಬರುವ ಗಾಡಿ ನೇತ್ರಾವತಿ ಸೇತುವೆ ದಾಟುತ್ತದೆ. ಆಮೇಲೆ ಹಳಿ ಕವಲೊಡೆದು ಒಂದು ಸೆಂಟ್ರಲ್‌ಗೆ, ಇನ್ನೊಂದು ಜಂಕ್ಷನ್‌ಗೆ ಹೋಗುತ್ತದೆ. ಜೆಪ್ಪುವಿನಲ್ಲಿ ಒಂದು ಹಂಚಿನ ಕಾರ್ಖಾನೆ, ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಶುರು ಮಾಡಿದ್ದರ ನೆನಪಿಗೆ. ಪಾಂಡೇಶ್ವರದ ಗೇಟು ಬಿಡುವುದುಂಟಾ? ಅದೂ ಇತ್ತು, ಅದರೆದುರು ಸಾಲುಗಟ್ಟಿದ ರಿಕ್ಷಾಗಳೂ ಇದ್ದವು. ಅಳತೆ ಎಚ್‌ಓ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಒಂದು ಕಿಲೋಮೀಟರ್ ದಾರಿಗೆ ಹನ್ನೊಂದೂವರೆ ಮೀಟರ್ ಜಾಗ ಬೇಕು. ಎಷ್ಟು ಕುಗ್ಗಿಸಿದರೂ ಕೋಣೆಯ ಮೂರು ಗೋಡೆಗುಂಟ ಹಲಗೆ ಹಾಕಿಸಬೇಕಾಯಿತು.

ಹಲಗೆ ಮಾಡಿಸಿದ್ದು ನಗರದ ಒಂದು ಮರದ ಕೆಲಸದ ಅಂಗಡಿಯಲ್ಲಿ. ನಾನು ಕೇಳಿದ್ದು ಐಎಸ್ 710 ಗುರುತಿನ ಮರೈನ್ ಪ್ಲೈ, ಅಂದರೆ ನೀರಿಗೆ ತಡೆಯುವ ಪ್ಲೈವುಡ್; 710 ಅನ್ನುವುದು ಅದರ ಭಾರತೀಯ ಮಾನಕದ ಸಂಖ್ಯೆ. ಸೀಲು ಇದ್ದ ಇಡೀ ಶೀಟನ್ನು ನಿಲ್ಲಿಸಿ ತೋರಿಸಿದರು. ರೇಟೂ ಅದರದ್ದೇ ಹಾಕಿದರು. ಮನೆಗೆ ಬಂದದ್ದು ಅಳತೆಗೆ ಕತ್ತರಿಸಿದ ತುಂಡುಗಳು. ಒಂದರಲ್ಲೂ ಸೀಲಿಲ್ಲ. ಕೇಳಿದ್ದಕ್ಕೆ, “ಸೀಲಿದ್ದ ಮೂಲೆ ಕಟಿಂಗಲ್ಲಿ ಹೋಯ್ತು ಸರ್” ಅಂದರು. ಬಿಲ್ಲಿನಲ್ಲಿ ‘ಪ್ಲೈವುಡ್’ ಅಂತ ಮಾತ್ರ ಬರೆದುಕೊಟ್ಟರು.

ಬೇಸಿಗೆಯಿಡೀ ಗಾಡಿ ಚೆನ್ನಾಗಿ ಓಡಿತು. ಜೂನ್ ಬಂತು. ವರ್ಷಕ್ಕೆ ಮೂರೂವರೆ ಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಕೋಣೆಯೊಳಗೆ ನೀರು ಬರಬೇಕಾಗಿಲ್ಲ, ಗಾಳಿಯ ತೇವವೇ ಸಾಕು. ಮೊದಲು ಸೇತುವೆಯ ತುದಿಯಲ್ಲಿ ಡಬ್ಬಿ ಹಳಿ ತಪ್ಪಿತು. ಎತ್ತಿಟ್ಟು ಓಡಿಸಿದರೆ ಮತ್ತೆ ಅಲ್ಲೇ. ಸ್ಟೀಲ್ ಸ್ಕೇಲ್ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದು ನೋಡಿದೆ. ಸ್ಕೇಲಿನ ಅಡಿಯಿಂದ ಬೆಳಕು ತೂರಿ ಬರುತ್ತಿತ್ತು. ಹಲಗೆ ನಡುವೆ ಜಗ್ಗಿತ್ತು. ಎಚ್‌ಓ ಚಕ್ರದ ಅಂಚು ಹಳಿಯ ಮೇಲ್ಮೈಯಿಂದ ಕೆಳಗಿಳಿಯುವುದೇ ಒಂದು ಮಿಲಿಮೀಟರ್ ಆಸುಪಾಸು. ಹಳಿ ಒಂದು ಕಡೆ ಅಷ್ಟು ಇಳಿದರೂ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ಇನ್ನೊಂದು ತೊಂದರೆಯೂ ಇದೆ: ತೇವಕ್ಕೆ ಮರ ಹಿಗ್ಗುತ್ತದೆ, ಲೋಹದ ಹಳಿ ಹಿಗ್ಗುವುದಿಲ್ಲ. ಹಳಿಯ ಜೋಡಣೆಗಳು ಸಡಿಲವಾಗಿ, ಕರೆಂಟ್ ಹರಿಯದೆ ಇಂಜಿನ್ ಅಲ್ಲಲ್ಲಿ ನಿಲ್ಲತೊಡಗಿತು. ಜುಲೈ ಮುಗಿಯುವಷ್ಟರಲ್ಲಿ ಹಲಗೆಯ ಅಂಚು ಪತ್ರೊಡೆಯ ಸುರುಳಿ ಬಿಚ್ಚಿದ ಹಾಗೆ ಪದರ ಪದರವಾಗಿ ಬಾಯಿ ಬಿಟ್ಟಿತ್ತು. ಅಡಿಯಲ್ಲಿ ಬೂಷ್ಟು.

ಉಳಿದಿದ್ದ ಒಂದು ತುಂಡನ್ನು ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಗಂಟೆ ದಾಟುವ ಮೊದಲೇ ಪದರಗಳು ಬಿಟ್ಟವು. 710ರ ಪ್ಲೈ 72 ಗಂಟೆ ಕುದಿಸಿದರೂ ತಡೆಯಬೇಕು, ಅದನ್ನು ಅಂಟಿಸುವುದು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ. ನನಗೆ ಕೊಟ್ಟದ್ದು ಕಮರ್ಷಿಯಲ್ ಅಂತ ಮಾರುವ, ಮನೆಯೊಳಗಿನ ಒಣ ಜಾಗಕ್ಕೆ ಬಳಸುವ ಎಂಆರ್ ದರ್ಜೆಯ ಪ್ಲೈ. ಅದರ ಯೂರಿಯಾ ಅಂಟು ಕುದಿನೀರಿಗೆ ನಿಲ್ಲುವುದಿಲ್ಲ. ಅಂಗಡಿಗೆ ಹೋಗಿ ತೋರಿಸಿದೆ. “ನಮ್ಮ ಮಳೆಗೆ ಯಾವ ಮರವೂ ಹೀಗೇ ಆಗ್ತದೆ ಮಾರಾಯ್ರೆ” ಅಂದರು. ಸುಳ್ಳು. ಮೊದಲು ತೋರಿಸಿದ ಶೀಟನ್ನೇ ಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ಬಿಲ್ಲಿನಲ್ಲಿ ದರ್ಜೆಯ ಹೆಸರೇ ಇಲ್ಲ. ಅದನ್ನು ಬರೆಯದೆ ಬಿಟ್ಟದ್ದು ಸುಮ್ನೆ ಅಲ್ಲ ಅಂತ ಆಗ ಗೊತ್ತಾಯಿತು.

ಹಣ ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಸೇತುವೆ ಕೀಳುವಾಗ. ಕಂಬಗಳನ್ನೆಲ್ಲ ಕೈಯಲ್ಲೇ ಮಾಡಿ, ನದಿಯ ಕೆಸರಿನ ಬಣ್ಣ ಬುಡದವರೆಗೆ ಹಚ್ಚಿದ್ದೆ. ಅಂಟಿಸಿದ್ದನ್ನು ಎಬ್ಬಿಸುವಾಗ ಅರ್ಧಕ್ಕರ್ಧ ಮುರಿದವು. ಹಳಿಗಳೂ ಬಾಗಿದವು.

ನೀವು ಮಾಡಿಸುವುದಾದರೆ ಶೀಟನ್ನು ಇಡಿಯಾಗಿ ಮನೆಗೆ ತರಿಸಿ, ನಿಮ್ಮ ಕಣ್ಣೆದುರೇ ಕತ್ತರಿಸಲಿ. ಸೀಲಿನಲ್ಲಿ ಐಎಸ್ಐ ಗುರುತು, 710 ಮತ್ತು ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕಂಪನಿಯ ಹೆಸರು ಬರುತ್ತದೆ, ಶೀಟಿನ ಮೇಲಿನ ಹೆಸರಿಗೆ ತಾಳೆ ನೋಡಿ. ‘ಐಎಸ್ 710’ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬರೆಯಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗಕ್ಕೆ ಸಿಗುತ್ತದೆ ಅಂತ ಅದರ ಹತ್ತಿರವೂ ಹೋಗಬೇಡಿ, ತೇವಕ್ಕೆ ಊದಿಕೊಳ್ಳುತ್ತದೆ. ಒಳ್ಳೆಯ ಪ್ಲೈಗೂ ಅಡಿಮೇಲು ಮತ್ತು ಕತ್ತರಿಸಿದ ಅಂಚಿಗೆ ವಾರ್ನಿಶ್ ಬೇಕೇ ಬೇಕು.

ಒಂದು ತುಂಡು ಕುದಿಸಿ ನೋಡುವವರೆಗೆ ಬಾಕಿ ಹಣ ಕೊಡಬೇಡಿ. ಹಳಿಯನ್ನೂ ಅಂಟಿಸಬೇಡಿ.